ಹಳೇ ದೋಣಿಗೆ ದುಡ್ಡಿಗಿಂತ ನೀವೇ ಜಾಸ್ತಿ ಬೇಕು

ಓದುಗರ ಪ್ರಶ್ನೆ, ನಮ್ಮ ಉತ್ತರ

ನಾನೂ ಒಂದು ಕಾಲಕ್ಕೆ ಮುಂಬೈಯಲ್ಲಿ ಹಾಯಿದೋಣಿ ಇಟ್ಟುಕೊಂಡಿದ್ದೆ ಎಂದು ಕಳೆದ ತಿಂಗಳು ಮಾತಿನ ಮಧ್ಯೆ ಒಂದು ಸಾಲು ಬರೆದಿದ್ದೆ. ಅಷ್ಟೇ ಬರೆದದ್ದು. ತೊಗರಿ ರೇಟು, ಬಿಸಿಲು, ನೀರಿನ ಟ್ಯಾಂಕರ್ ಬಿಟ್ಟು ಬೇರೆ ವಿಷಯಕ್ಕೆ ಪತ್ರವೇ ಬಾರದ ನಮ್ಮ ಕಡೆಯಿಂದ ದೋಣಿ ಬಗ್ಗೆ ಒಂದು ಕಟ್ಟು ಪತ್ರ ಬಂದಿವೆ. ಸಂಪಾದಕರು ನಕ್ಕರು. ಆಮೇಲೆ "ಈ ಸಲ ಪೂರ್ತಿ ಅದೇ ಇರಲಿ" ಅಂದರು. ನನ್ನ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು: ಇಪ್ಪತ್ತು ವರ್ಷಕ್ಕೂ ಜಾಸ್ತಿ ಸರಕು ಹಡಗುಗಳ ಇಂಜಿನ್ ರೂಮಿನಲ್ಲಿ ಕಳೆದವನು, ಈಗ ಕಲಬುರಗಿಯಲ್ಲೇ ಇದ್ದೇನೆ. ಹಾಯಿ ವಿಷಯದಲ್ಲಿ ನಾನು ಪಂಡಿತ ಅಲ್ಲ. ತಪ್ಪು ಮಾಡಿ ಕಲಿತವನು.

ಪ್ರಶ್ನೆ: ನಮಸ್ಕಾರ ಸರ್. ನಾನೂ ಕಲಬುರಗಿಯವನೇ, ವಯಸ್ಸು 41, ಹಡಗಿನಲ್ಲಿ ಸೆಕೆಂಡ್ ಇಂಜಿನಿಯರ್. ವರ್ಷಕ್ಕೆ ಮೂರು-ನಾಲ್ಕು ತಿಂಗಳು ಮನೆಯಲ್ಲಿರುತ್ತೇನೆ. ಮುಂಬೈಯಲ್ಲಿ 1982ರಲ್ಲಿ ಕಟ್ಟಿದ 30 ಅಡಿಯ ಫೈಬರ್ ಹಾಯಿದೋಣಿ 7 ಲಕ್ಷಕ್ಕೆ ಸಿಗುತ್ತಿದೆ. ಅದೇ ಅಳತೆಯ ಹೊಸದು ನನ್ನ ಕೈಗೆ ಎಟುಕುವುದಿಲ್ಲ, ಚಿಕ್ಕದಾದರೆ ಹೊಸದು ತಗೊಳ್ಳಬಹುದು. "ಹಳೇ ದೋಣಿ ಕಲ್ಲು ಇದ್ದಂಗೆ, ಈಗಿನವು ಮೊಟ್ಟೆ ಸಿಪ್ಪೆ" ಅನ್ನುತ್ತಾರೆ ಮಾರುವವರು. ಹೆಂಡತಿ ಸೇಡಂ ರಸ್ತೆಯಲ್ಲಿ ಪ್ಲಾಟ್ ತಗೊಳ್ಳೋಣ ಅನ್ನುತ್ತಾಳೆ. ಏನು ಮಾಡಲಿ?
ಹಡಗಿನ ಓದುಗ, ಕಲಬುರಗಿ

ಮೊದಲು ಮನೆಯವರ ಮಾತು. ಪ್ಲಾಟ್ ತಗೊಂಡರೆ ಅದು ಸುಮ್ನೆ ಬಿದ್ದಿರುತ್ತದೆ, ನಿಮ್ಮನ್ನು ಏನೂ ಕೇಳುವುದಿಲ್ಲ. ದೋಣಿ ದಿನಾ ಕೇಳುತ್ತದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ದೋಣಿಗೆ ಹಾಕಿದ ದುಡ್ಡು ಹೋದ ದುಡ್ಡು ಎಂದು ಇಬ್ಬರೂ ಕೂತು ಒಪ್ಪಿಕೊಂಡ ಮೇಲೆ ಮುಂದಿನದನ್ನು ಓದಿ.

ಹಳೇ ದೋಣಿ ಗಟ್ಟಿ ಅನ್ನೋದು ಅರ್ಧ ನಿಜ. ಫೈಬರ್ ಗ್ಲಾಸಿನ ಹಾಯಿದೋಣಿಗಳು ಸಾಲುಸಾಲಾಗಿ ತಯಾರಾಗಲು ಶುರುವಾದದ್ದು 1950ರ ದಶಕದ ಕೊನೆಯಲ್ಲಿ. ಆ ಮಾಲು ಎಷ್ಟು ವರ್ಷ ತಡೆಯುತ್ತದೆ ಅಂತ ಕಟ್ಟುವವರಿಗೇ ಧೈರ್ಯ ಇರಲಿಲ್ಲ. ಹಾಗಾಗಿ ಒಡಲನ್ನು ಬೇಕಾದ್ದಕ್ಕಿಂತ ದಪ್ಪ ಹಾಕಿದರು. ಅಂಥ ಕೆಲವು ದೋಣಿಗಳು ಇವತ್ತಿಗೂ ಓಡುತ್ತಿವೆ. ಆಮೇಲೆ 1973ರ ಎಣ್ಣೆ ಬಿಕ್ಕಟ್ಟು ಬಂತು, ಎಣ್ಣೆಯಿಂದಲೇ ತಯಾರಾಗುವ, ಫೈಬರನ್ನು ಗಟ್ಟಿ ಹಿಡಿಸುವ ರೆಸಿನ್ ತುಟ್ಟಿಯಾಯಿತು, ಮಾಲು ಉಳಿಸುವ ಲೆಕ್ಕಾಚಾರ ಶುರುವಾಯಿತು. ನೀವು ನೋಡಿರುವುದು 1982ರದ್ದು. ಅಂದರೆ "ಹಳೇದು, ಗಟ್ಟಿ" ಅನ್ನುವ ಹೆಸರು ತಂದುಕೊಟ್ಟ ಕಾಲದ್ದಲ್ಲ, ಅದರ ನಂತರದ್ದು. 1970, 80ರ ದಶಕದ ದೋಣಿಗಳಿಗೆ ಇನ್ನೊಂದು ಕಾಯಿಲೆ ಇದೆ. ಆಗ ಬಳಸುತ್ತಿದ್ದ ಅಗ್ಗದ ಪಾಲಿಯೆಸ್ಟರ್ ರೆಸಿನ್ ಒಳಗೆ ನೀರು ನಿಧಾನಕ್ಕೆ ಇಳಿಯುತ್ತದೆ, ಒಳಗಿನ ರಾಸಾಯನಿಕದ ಜೊತೆ ಸೇರಿ ಒತ್ತಡ ಕಟ್ಟುತ್ತದೆ, ಒಡಲಿನ ಹೊರಮೈಯಲ್ಲಿ ಗುಳ್ಳೆ ಏಳುತ್ತವೆ. ಗುಳ್ಳೆ ಚುಚ್ಚಿದರೆ ಹುಳಿ ವಾಸನೆಯ ನೀರು ಬರುತ್ತದೆ, ವಿನೆಗರ್ ಥರ. ಇದರಿಂದ ದೋಣಿ ಮುಳುಗುವುದು ಅಪರೂಪ. ಆದರೆ ರಿಪೇರಿ ಅಂದರೆ ಮೇಲಿನ ಪದರ ಕೆರೆದು, ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಒಣಗಿಸಿ, ಎಪಾಕ್ಸಿ ಬಳಿಯಬೇಕು. ಮುಂಬೈಯ ಗಾಳಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ದೋಣಿ ಎಲ್ಲಿ ಒಣಗಬೇಕು?

ಹೊಸ ದೋಣಿಗಳು ಮೊಟ್ಟೆ ಸಿಪ್ಪೆ ಅನ್ನೋದೂ ಅರ್ಧ ನಿಜವೇ. ತೆಳ್ಳಗಿರುತ್ತವೆ, ಹೌದು. ಆದರೆ ಈಗ ರೆಸಿನ್ ಒಳ್ಳೆಯದು ಬಂದಿದೆ, ಎಲ್ಲಿ ಎಷ್ಟು ಭಾರ ಬೀಳುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಅಲ್ಲಿ ಮಾತ್ರ ದಪ್ಪ ಹಾಕುತ್ತಾರೆ. ಒಳಗೆ ಜಾಗ ಜಾಸ್ತಿ, ಹಿಂಭಾಗ ಅಗಲ, ಓಟ ಜೋರು. ಕೀಲ್ ಅಂದರೆ ದೋಣಿ ಮಗುಚದ ಹಾಗೆ ತಳದಲ್ಲಿ ನೇತುಹಾಕಿದ ಭಾರ. ಹಳೇ ಕಾಲದ ಉದ್ದ ಕೀಲಿನ ದೋಣಿ ಅಲೆಯ ಮೇಲೆ ಎತ್ತಿನಗಾಡಿಯ ಹಾಗೆ ಸಮನಾಗಿ ಹೋಗುತ್ತದೆ, ಆದರೆ ಜೆಟ್ಟಿಯಲ್ಲಿ ಹಿಂದಕ್ಕೆ ತೆಗೆಯುವಾಗ ಅದೇ ಗಾಡಿಯನ್ನು ಓಣಿಯಲ್ಲಿ ರಿವರ್ಸ್ ಹಾಕಿದ ಹಾಗೆ. ಎತ್ತು ಒಂದು ಕಡೆ, ಗಾಡಿ ಒಂದು ಕಡೆ.

ಹೊಸದೆಂದರೆ ಭಯ ಇಲ್ಲ ಅಂತಲೂ ಅಲ್ಲ. 2014ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ನಡುವೆ 'ಚೀಕಿ ರಫೀಕಿ' ಎಂಬ 40 ಅಡಿ ದೋಣಿಯ ಕೀಲ್ ಕಳಚಿ ಬಿತ್ತು, ನಾಲ್ಕು ಜನ ತೀರಿಕೊಂಡರು. ದೋಣಿ ಕಟ್ಟಿದ್ದು 2006ರಲ್ಲಿ. ನಮ್ಮ ಲೆಕ್ಕದಲ್ಲಿ ಅದು ಹೊಸದೇ ಅಲ್ವಾ? ಹಿಂದೆ ಕೆಲವು ಸಲ ತಳ ನೆಲಕ್ಕೆ ತಾಗಿದ್ದು, ಆಮೇಲೆ ಮಾಡಿದ ರಿಪೇರಿಗಳು, ಇವುಗಳಿಂದ ಕೀಲಿನ ಹಿಡಿತ ಸಡಿಲ ಆಗಿರಬಹುದು ಎಂದು ಬ್ರಿಟನ್ನಿನ ತನಿಖೆಯವರು ಹೇಳಿದರು. ಕೀಲ್ ಅಂದರೆ ದೋಣಿ ಮಗುಚದ ಹಾಗೆ ತಳದಲ್ಲಿ ನೇತುಹಾಕಿದ ಭಾರ. ಈಗಿನ ಬಹಳ ದೋಣಿಗಳಲ್ಲಿ ಕೀಲನ್ನು ಬೋಲ್ಟ್ ಹಾಕಿ ಕೂರಿಸಿ, ಒಳಗಿನ ಚೌಕಟ್ಟನ್ನು ಅಂಟು ಹಾಕಿ ಹಿಡಿಸಿರುತ್ತಾರೆ. ಆ ಅಂಟು ಬಿಟ್ಟರೆ ಮೇಲಿನಿಂದ ಕಾಣುವುದಿಲ್ಲ. ಹಳೇ ದೋಣಿಯಲ್ಲಿ ಹಲಗೆ ಎತ್ತಿದರೆ ಎಲ್ಲ ಕಣ್ಣಿಗೆ ಬೀಳುತ್ತದೆ, ಕೈ ಹೋಗುತ್ತದೆ. ಇಂಜಿನ್ ರೂಮಿನಲ್ಲಿ ಕೆಲಸ ಮಾಡಿದವರು ನೀವು, ಕೈ ಹೋಗುವ ಜಾಗದ ಬೆಲೆ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ದುಡ್ಡು. ವರ್ಷಕ್ಕೆ ದೋಣಿಯ ಬೆಲೆಯ ಶೇಕಡಾ 10 ಮೇಂಟೆನೆನ್ಸಿಗೆ ಇಡಿ ಎಂದು ದೋಣಿಯವರು ಬಾಯಿಮಾತಿಗೆ ಹೇಳುತ್ತಾರೆ. ನೀವು 7 ಲಕ್ಷಕ್ಕೆ 70 ಸಾವಿರ ಎಂದು ಲೆಕ್ಕ ಹಾಕಿ ಖುಷಿಯಾಗಿರುತ್ತೀರಿ. ಅಲ್ಲೇ ಎಡವುವುದು. ದೋಣಿ ನಿಮಗೆ ಎಷ್ಟಕ್ಕೆ ಬಂತು ಎಂದು ಹಾಯಿಗೆ ಗೊತ್ತಿಲ್ಲ. 30 ಅಡಿಗೆ ಎಷ್ಟು ಬಟ್ಟೆ ಬೇಕೋ ಅಷ್ಟು ಬೇಕೇ ಬೇಕು. ಹಾಯಿಯ ಕಂಬ ಹಿಡಿದು ನಿಲ್ಲಿಸುವ ಸ್ಟೀಲ್ ವೈರು, ತಳಕ್ಕೆ ಬಳಿಯುವ ಬಣ್ಣ, ಡೀಸೆಲ್ ಇಂಜಿನ್ನಿನ ಪಂಪು, ಎಲ್ಲವೂ ಅಡಿ ಲೆಕ್ಕದಲ್ಲೇ ಬರುತ್ತವೆ. ಶೇಕಡಾ 10 ತೆಗೆಯುವುದಾದರೆ ಅದೇ ಅಳತೆಯ ಹೊಸ ದೋಣಿಯ ಬೆಲೆ ಮೇಲೆ ತೆಗೆಯಿರಿ, ಆಗ ನಿಮ್ಮ ಮುಖ ನೋಡಬೇಕು. ಇನ್ನೊಂದು, ಉದ್ದ ಒಂದೂವರೆ ಪಟ್ಟು ಆದರೆ ಖರ್ಚೂ ಒಂದೂವರೆ ಪಟ್ಟು ಅಂದುಕೊಳ್ಳಬೇಡಿ. ಆಕಾರ ಒಂದೇ ಥರ ಇದ್ದರೆ 20 ಅಡಿಯದ್ದಕ್ಕಿಂತ 30 ಅಡಿಯದ್ದು ಮೂರು ಪಟ್ಟಿಗೂ ಜಾಸ್ತಿ ಭಾರ. ಭಾರ ಹೆಚ್ಚಾದ ಹಾಗೆ ಹಗ್ಗ, ಲಂಗರು, ಕ್ರೇನು ಎಲ್ಲ ದೊಡ್ಡದು ಬೇಕು.

ಇಷ್ಟಾದರೂ ನಾನು ನಿಮಗೆ ಬೇಡ ಅನ್ನುವುದು ದುಡ್ಡಿನ ಕಾರಣಕ್ಕಲ್ಲ. ನಮ್ಮ ಕಡೆಯ ಹಳೇ ಮಾಳಿಗೆ ಮನೆ ನೆನಪು ಮಾಡಿಕೊಳ್ಳಿ. ಬೇಸಿಗೆಗೆ ಎಷ್ಟು ತಂಪು! ಆದರೆ ಮಿರಗ ಮಳೆಗೆ ಮುಂಚೆ ಯಾರಾದರೂ ಮಾಳಿಗೆ ಹತ್ತಲೇಬೇಕು, ಮಣ್ಣು ಸರಿದ ಕಡೆ ಹೊಸ ಮಣ್ಣು ಹಾಕಿ ತುಳಿಯಬೇಕು. ಮನೆಯವರು ಊರು ಬಿಟ್ಟು ಬೆಂಗಳೂರು ಸೇರಿದ ಮೇಲೆ ಆ ಮನೆಗಳು ಎಷ್ಟು ವರ್ಷ ನಿಂತವು? ಆರ್‌ಸಿಸಿ ಮನೆ ನಾಲ್ಕು ವರ್ಷ ಬೀಗ ಹಾಕಿಟ್ಟರೂ ಹಾಗೇ ಇರುತ್ತದೆ. ಹಳೇ ದೋಣಿ ಮಾಳಿಗೆ ಮನೆ. ಅದಕ್ಕೆ ವಾರಕ್ಕೊಮ್ಮೆ ಒಬ್ಬರು ಬಂದು ಮೂಲೆಮೂಲೆ ಮೂಸಿ ನೋಡಬೇಕು. ಎಲ್ಲಿ ಹನಿ ಬಿತ್ತು, ಯಾವ ನಟ್ಟು ಹಸಿರಾಯಿತು, ತಳದಲ್ಲಿ ಸೇರಿದ ನೀರು ಹೊರಹಾಕುವ ಬಿಲ್ಜ್ ಪಂಪು ನಿನ್ನೆಗಿಂತ ಜಾಸ್ತಿ ಓಡುತ್ತಿದೆಯಾ, ಇಷ್ಟನ್ನೇ ನೋಡುವುದು. ಹಾಗೆ ನೋಡುವವರಿದ್ದರೆ ಹಳೇ ದೋಣಿಯಷ್ಟು ಒಳ್ಳೆಯದು ಇನ್ನೊಂದಿಲ್ಲ, ಹೊಸದರ ಮುಖ ನೋಡಬೇಡಿ ಎಂದೇ ಹೇಳುತ್ತೇನೆ. ನೋಡುವವರಿಲ್ಲದಿದ್ದರೆ ಅದು ಕೊಳೆಯುತ್ತದೆ.

ನೀವು ಎಂಟೊಂಬತ್ತು ತಿಂಗಳು ಬೇರೆಯವರ ಹಡಗಿನಲ್ಲಿ. ಮಿಕ್ಕಿದ್ದರಲ್ಲಿ ಮನೆ, ಮಕ್ಕಳು, ಮದುವೆ, ಮುಂಜಿ. ಕಲಬುರಗಿಯಿಂದ ಮುಂಬೈ ರೈಲಿನಲ್ಲಿ ಸುಮಾರು 570 ಕಿ.ಮೀ. ಅದರ ಮೇಲೆ ಮುಂಬೈ ಸಮುದ್ರದಲ್ಲಿ ಇಂಥ ದೋಣಿ ಓಡಿಸುವುದು ಅಕ್ಟೋಬರಿನಿಂದ ಮೇ ತನಕ ಮಾತ್ರ. ಮಳೆಗಾಲಕ್ಕೆ ಮೇಲೆತ್ತಿ ಇಡುತ್ತಾರೆ. ನಿಮ್ಮ ರಜೆ ಜೂನ್‌ನಲ್ಲಿ ಬಿತ್ತು ಅಂದುಕೊಳ್ಳಿ. ಆ ವರ್ಷ ನೀವು ದೋಣಿ ಕೆಳಗೆ ನಿಂತು ಬಣ್ಣ ಕೆರೆಯುತ್ತೀರಿ, ಅಷ್ಟೇ.

ನನ್ನ ಸಲಹೆ: 30 ಅಡಿ ಬಿಡಿ, ಹಳೇದಾಗಲಿ ಹೊಸದಾಗಲಿ. ಬೇಕೇ ಬೇಕು ಅಂದರೆ ಚಿಕ್ಕದು, ಇಂಜಿನ್ ಇಲ್ಲದ್ದು, ಟ್ರೇಲರ್ ಮೇಲೆ ಎಳೆದು ಶೆಡ್ಡಿನಲ್ಲಿ ಇಡುವಂಥದ್ದು ತಗೊಳ್ಳಿ. ನೀರಲ್ಲಿ ಇಲ್ಲದ ದೋಣಿಗೆ ಗುಳ್ಳೆ ಬರುವುದಿಲ್ಲ, ಚಿಪ್ಪು ಹತ್ತುವುದಿಲ್ಲ, ರಾತ್ರಿ ನಿಮ್ಮ ನಿದ್ದೆ ಕೆಡುವುದಿಲ್ಲ. ಅಷ್ಟು ಚಿಕ್ಕದಾದರೆ ಹಳೇದೇ ಸಾಕು. ಪ್ಲಾಟ್ ವಿಷಯ ಮನೆಯವರಿಗೇ ಬಿಟ್ಟುಬಿಡಿ.

ಪ್ರಶ್ನೆ: ದೋಣಿ ಸರ್ವೆಯರ್ ಅಂತ ಇರುತ್ತಾರಂತಲ್ಲ ಸರ್, ಅವರಿಲ್ಲದೆ ಹಳೇ ದೋಣಿ ಒಳ್ಳೆಯದೋ ಕೆಟ್ಟದ್ದೋ ನಾವೇ ನೋಡಬಹುದಾ? ನಾನು ಕಲ್ಲಿನ ವ್ಯಾಪಾರದವನು, ದೋಣಿ ತಗೊಳ್ಳುವ ಆಸೆ ಇಲ್ಲ, ಸುಮ್ನೆ ಕುತೂಹಲ.
ಓದುಗ, ಶಹಾಬಾದ್

ನೀವು ಕಲ್ಲಿನವರಾದ್ದರಿಂದ ನಿಮಗೆ ಹೇಳುವುದು ಸುಲಭ. ಫರ್ಸಿ ತಗೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತೀರಲ್ಲ, ಒಳಗೆ ಸೀಳು ಇಲ್ಲದ ಕಲ್ಲು 'ಟಣ್' ಅನ್ನುತ್ತದೆ, ಪದರ ಬಿಟ್ಟಿದ್ದು 'ಬದ್' ಅನ್ನುತ್ತದೆ. ದೋಣಿಯ ಡೆಕ್, ಅಂದರೆ ನಾವು ಓಡಾಡುವ ಮೇಲಿನ ಹಾಸು, ನೋಡುವುದೂ ಹಾಗೆಯೇ. ಡೆಕ್ ಹಗುರ ಇರಲಿ ಎಂದು ಎರಡು ಪದರ ಫೈಬರ್ ಮಧ್ಯೆ ಬಾಲ್ಸಾ ಮರ ಇಟ್ಟಿರುತ್ತಾರೆ. ಬಹಳ ಹಗುರ ಮರ ಅದು. ಡೆಕ್ಕಿಗೆ ಹೊಡೆದ ಪ್ರತಿ ಸ್ಕ್ರೂ ಒಂದು ತೂತು. ತೂತಿನ ಸುತ್ತ ಹಾಕಿದ ಸೀಲ್ ವಯಸ್ಸಾಗಿ ಬಿರಿದರೆ ನೀರು ಒಳಗೆ ಹೋಗಿ ಮರ ಕೊಳೆಯುತ್ತದೆ, ಮೇಲಿನಿಂದ ನೋಡಿದರೆ ಥಳಥಳ ಬಿಳಿ. ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ ಹಿಡಿದು ಅಂಗೈ ಅಗಲಕ್ಕೊಂದು ಸಲ ಬಡಿಯುತ್ತಾ ಹೋಗಬೇಕು. ಸದ್ದು ಸತ್ತ ಕಡೆ ಸೀಮೆಸುಣ್ಣದ ಗುರುತು ಹಾಕಬೇಕು. ಒಂದು ಗಂಟೆ ಕೆಲಸ.

ಆ ಒಂದು ಗಂಟೆ ನಾನು ಕೊಡಲಿಲ್ಲ. ಇಬ್ಬರು ಗೆಳೆಯರ ಜೊತೆ ಸೇರಿ 26 ಅಡಿಯ ಹಳೇ ದೋಣಿ ಕೊಂಡಾಗ ಮಾರಿದವರೇ ಒಬ್ಬ ಸರ್ವೆಯರ್‌ನ ಕರೆಸಿದ್ದರು. ಮಾರುವವರು ತಂದ ಸರ್ವೆಯರ್! ಇಪ್ಪತ್ತು ವರ್ಷ ಹಡಗಿನಲ್ಲಿ ಇದ್ದವನಿಗೆ ಅಷ್ಟೂ ತಿಳಿಯಲಿಲ್ಲವಾ ಎಂದು ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ. ಕಾಗದದಲ್ಲಿ 'ಉತ್ತಮ ಸ್ಥಿತಿ' ಎಂದು ಬರೆದಿತ್ತು. ಮೊದಲನೇ ಮಳೆಯಲ್ಲಿ ಕ್ಯಾಬಿನ್ನಿನಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದೆ, ತಟ್ಟೆಗೆ ಒಂದು ಹನಿ ಬಿತ್ತು. ಮಳೆ ನೀರು ಬಿಳಿ ಇರಬೇಕಲ್ಲ, ಇದು ಚಹಾ ಡಿಕಾಕ್ಷನ್ ಬಣ್ಣ. ಕಂಬದ ಬುಡದ ಹತ್ತಿರ ಒಂದು ಸ್ಕ್ರೂ ಬಿಚ್ಚಿದೆ. ಸ್ಕ್ರೂ ಜೊತೆ ಹಸಿ ಬೆಲ್ಲದ ಥರ ಏನೋ ಬಂತು. ಚಮಚ ಹಾಕಿ ತೆಗೆದೆ, ಬಂದೇ ಬಂತು. ಅದೇ ಬಾಲ್ಸಾ ಮರ. ಆ ಜಾಗದ ಮೇಲೆ ನಮ್ಮ ಇಡೀ ಕಂಬ ನಿಂತಿತ್ತು.

ಡೆಕ್ ಆದ ಮೇಲೆ ಕಂಬದ ವೈರುಗಳನ್ನು ನೋಡಬೇಕು. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯುವುದಿಲ್ಲ ಎಂದು ನಂಬಿರುತ್ತೇವೆ. ಗಾಳಿ ಆಡುವ ಕಡೆ ಹಿಡಿಯುವುದಿಲ್ಲ ನಿಜ. ಗಾಳಿ ಇಲ್ಲದೆ ಉಪ್ಪು ನೀರು ನಿಲ್ಲುವ ಸಂದಿಯಲ್ಲಿ ಒಳಗೊಳಗೇ ತಿನ್ನುತ್ತದೆ. ವೈರು ಫಿಟ್ಟಿಂಗಿನೊಳಗೆ ಹೋಗುವ ಜಾಗ, ವೈರನ್ನು ಒಡಲಿಗೆ ಹಿಡಿಸಿದ ಪಟ್ಟಿ ಡೆಕ್ ದಾಟುವ ಜಾಗ, ಈ ಎರಡು ಕಡೆ ಲೆನ್ಸ್ ಹಿಡಿದು ಕೂದಲೆಳೆ ಬಿರುಕು ಹುಡುಕಬೇಕು. ಹತ್ತು-ಹದಿನೈದು ವರ್ಷ ಆಗಿದ್ದರೆ ಬಿರುಕು ಕಾಣದಿದ್ದರೂ ವೈರು ಬದಲಿಸಿ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಉಳಿದದ್ದಕ್ಕೆ ಸರ್ವೆಯರ್ ಬೇಕು, ನೀವೇ ದುಡ್ಡು ಕೊಟ್ಟು ಕರೆತಂದವರು.

ಪ್ರಶ್ನೆ: ಕಾಕಾ, ನಾನು ಬೀದರ್‌ನಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಅಭಿಲಾಷ್ ಟೋಮಿ ಅವರು ಒಬ್ಬರೇ ಜಗತ್ತು ಸುತ್ತಿದ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಹಳೇ ದೋಣಿಗಳಿಗೆ ಮಾತ್ರ ಅವಕಾಶವಂತೆ. ಹಾಗಾದರೆ ಹಳೇದೇ ಮೇಲು ಅಂತ ಆಯಿತಲ್ಲ?
ವಿದ್ಯಾರ್ಥಿ, ಬೀದರ್

ಇಲ್ಲ ತಮ್ಮಾ, ಅಲ್ಲೊಂದು ಸಣ್ಣ ಗೊಂದಲ ಇದೆ. ಆ ರೇಸಿನ ನಿಯಮ ದೋಣಿಯ ವಯಸ್ಸಿನದ್ದಲ್ಲ, ಡಿಸೈನಿನದ್ದು. 1988ಕ್ಕೆ ಮುಂಚಿನ ಡಿಸೈನ್ ಇರಬೇಕು, 32ರಿಂದ 36 ಅಡಿ ಉದ್ದ, ಉದ್ದ ಕೀಲ್, ಚುಕ್ಕಾಣಿ ಆ ಕೀಲಿನ ಹಿಂದಿನ ಅಂಚಿಗೇ ಹೊಂದಿರಬೇಕು. ಹಳೇದು ವೇಗ ಅಂತ ಹೀಗೆ ಮಾಡಿದ್ದಲ್ಲ. ರಾಬಿನ್ ನಾಕ್ಸ್-ಜಾನ್‌ಸ್ಟನ್ 1968-69ರಲ್ಲಿ ಹೋದ ರೀತಿಯಲ್ಲೇ ಹೋಗಬೇಕು ಅನ್ನುವ ಹಠಕ್ಕೆ ಮಾಡಿದ್ದು. ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದವರಲ್ಲಿ ಅವರೇ ಮೊದಲಿಗರು, 312 ದಿನ ಹಿಡಿಯಿತು. ಅವರ 32 ಅಡಿಯ 'ಸುಹೈಲಿ' ತಯಾರಾದದ್ದು ಎಲ್ಲಿ ಗೊತ್ತಾ? ನಮ್ಮ ಬಾಂಬೆಯಲ್ಲಿ, ಸಾಗುವಾನಿ ಮರದಲ್ಲಿ. ಆ ದೋಣಿ ಇನ್ನೂ ಇದೆ.

ಟೋಮಿ ಅವರ ಕಥೆಯನ್ನೇ ಪೂರ್ತಿ ನೋಡು, ನಿನ್ನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ನೌಕಾಪಡೆಯಲ್ಲಿದ್ದಾಗ 2012-13ರಲ್ಲಿ ಎಲ್ಲೂ ನಿಲ್ಲದೆ ಸುತ್ತಿ ಬಂದದ್ದು 'ಮ್ಹಾದೇಯಿ'ಯಲ್ಲಿ. ಅದು ಗೋವಾದಲ್ಲಿ ಕಟ್ಟಿ 2009ರಲ್ಲಿ ಸೇವೆಗೆ ಸೇರಿದ್ದ 56 ಅಡಿಯ ದೋಣಿ, ಆಗ ಅದು ಹೊಸದೇ. 2018ರ ಗೋಲ್ಡನ್ ಗ್ಲೋಬ್‌ಗೆ ಹೋದದ್ದು 'ಥುರಿಯಾ'ದಲ್ಲಿ. ಅದೂ ಗೋವಾದಲ್ಲಿ ಹೊಸದಾಗಿ ಕಟ್ಟಿದ್ದೇ, ಆದರೆ ಡಿಸೈನ್ ಸುಹೈಲಿಯದ್ದು, ಅಂದರೆ ಹಳೇದು. ಆ ಸೆಪ್ಟೆಂಬರಿನಲ್ಲಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕಿ ಕಂಬ ಮುರಿಯಿತು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು, ಬೇರೆ ಹಡಗಿನವರು ಬಂದು ಉಳಿಸಿದರು. ಆಮೇಲೆ 2022ರ ರೇಸಿಗೆ ರಸ್ಟ್ಲರ್ 36 ಎಂಬ ಡಿಸೈನಿನ ಫೈಬರ್ ದೋಣಿ 'ಬಯಾನತ್' ತಗೊಂಡು ಹೋಗಿ 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಬಂದರು. ಗೆದ್ದದ್ದು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್. ನೋಡು, ಹೊಸ ದೋಣಿ ಹೊಸ ಡಿಸೈನ್, ಹೊಸ ದೋಣಿ ಹಳೇ ಡಿಸೈನ್, ಎಲ್ಲ ಇದೆ. ಯಾವ ಅಲೆ ಯಾವಾಗ ಹೊಡೆಯುತ್ತದೆ ಅನ್ನುವುದಕ್ಕೆ ದೋಣಿಯ ಜನ್ಮದಿನಾಂಕ ಬೇಕಾಗಿಲ್ಲ.

ಇನ್ನು, ಈ ರೇಸಿನವರು ಹೊರಡುವ ಮುಂಚೆ ಹಳೇ ದೋಣಿಯನ್ನು ಒಡಲು ಬಿಟ್ಟು ಮಿಕ್ಕಿದ್ದೆಲ್ಲ ಬಿಚ್ಚಿ ಹೊಸದು ಹಾಕಿರುತ್ತಾರೆ. ಕಂಬ ಹೊಸದು, ವೈರು ಹೊಸದು, ಹಾಯಿ ಹೊಸದು. ನಮ್ಮಜ್ಜನ ಕೊಡಲಿ ಇದ್ದಂಗೆ, ಕಾವು ಮೂರು ಸಲ ಬದಲಾಗಿದೆ, ಅಲಗು ಎರಡು ಸಲ, ಆದರೂ ಅದು ಅಜ್ಜನ ಕೊಡಲಿಯೇ.

ಪ್ರಶ್ನೆ: ನಮ್ಮ ಮಗಳಿಗೆ 11 ವರ್ಷ. ಹೈದರಾಬಾದಿನ ಅಕ್ಕನ ಮನೆಗೆ ಹೋದಾಗ ಹುಸೇನ್ ಸಾಗರದಲ್ಲಿ ಮಕ್ಕಳು ಚಿಕ್ಕ ಹಾಯಿದೋಣಿ ಓಡಿಸುವುದು ನೋಡಿ ಬಂದಿದ್ದಾಳೆ, ಈಗ ಅದೇ ಜಪ. ಒಂದು ಹಳೇ ದೋಣಿ ಕೊಡಿಸಿ ಇಲ್ಲೇ ಕಾರಂಜಾ ಡ್ಯಾಮಿನಲ್ಲಿ ಕಲಿಸಬಹುದಾ?
ಒಬ್ಬ ತಾಯಿ, ಹುಮನಾಬಾದ್

ಅಕ್ಕಾ, ಕಾರಂಜಾ ಬೇಡ. ಅಲ್ಲಿ ದೋಣಿ ಇಳಿಸಲು ನೀರಾವರಿಯವರ ಅನುಮತಿ ಬೇಕು, ಅದಕ್ಕಿಂತ ಮುಖ್ಯ, ಮಗು ಮಗುಚಿ ಬಿದ್ದರೆ ಎತ್ತಿಕೊಳ್ಳಲು ಮೋಟಾರ್ ದೋಣಿ ಅಲ್ಲಿ ಇರುವುದಿಲ್ಲ. ಕಲಿಯುವ ಮಕ್ಕಳು ದಿನಕ್ಕೆ ಹತ್ತು ಸಲ ಮಗುಚುತ್ತಾರೆ. ಮಗುಚುವುದನ್ನೇ ಮೊದಲು ಕಲಿಸುತ್ತಾರೆ.

ಅವಳು ನೋಡಿದ್ದು ಆಪ್ಟಿಮಿಸ್ಟ್ ಇರಬೇಕು. ಸ್ನಾನದ ತೊಟ್ಟಿ ಆಕಾರ, ಎಂಟು ಅಡಿಗಿಂತ ಸ್ವಲ್ಪ ಕಡಿಮೆ ಉದ್ದ, ಒಡಲು 35 ಕೆ.ಜಿ. ಅಮೆರಿಕದ ಫ್ಲೋರಿಡಾದಲ್ಲಿ 1947ರಲ್ಲಿ ಮಕ್ಕಳಿಗಾಗಿಯೇ ಮಾಡಿದ ದೋಣಿ. ರೇಸಿನಲ್ಲಿ 15 ವರ್ಷದವರೆಗೆ ಮಾತ್ರ ಅವಕಾಶ. ಅಂದರೆ ನಿಮ್ಮ ಮಗಳಿಗೆ ಇನ್ನು ನಾಲ್ಕೇ ವರ್ಷ, ಅಷ್ಟರಲ್ಲಿ ಉದ್ದ ಬೆಳೆದರೆ ಇನ್ನೂ ಕಡಿಮೆ. ಶಾಲೆ ಬೂಟಿನ ಲೆಕ್ಕ ಇದು, ಹೊಸದು ಕೊಳ್ಳುವುದರಲ್ಲಿ ಅರ್ಥ ಇಲ್ಲ. ಮೊದಲ ವರ್ಷ ಹಳೇದನ್ನೂ ಕೊಳ್ಳಬೇಡಿ. ಹೈದರಾಬಾದಿನಲ್ಲಿ ಸೇಲಿಂಗ್ ಕ್ಲಬ್‌ಗಳಿವೆ, ಕ್ಲಬ್ಬಿನ ದೋಣಿಯಲ್ಲೇ ಕಲಿಯಲಿ. ಬೇಸಿಗೆ ರಜೆಗೆ ಅಕ್ಕನ ಮನೆಯಲ್ಲಿ ಬಿಡಿ. ಆಸೆ ಉಳಿದರೆ ಎರಡನೇ ವರ್ಷ ಹಳೇದೊಂದು ನೋಡಿ. ಚಿಕ್ಕ ದೋಣಿಯಲ್ಲಿ ಹಳೇ ಒಡಲಿಗೆ ಹೆದರಬೇಕಾಗಿಲ್ಲ, ಹಳೇ ಹಾಯಿಗೆ ಹೆದರಬೇಕು. ಬಿಸಿಲಿಗೆ ಸೋತು, ಎಳೆದು ಎಳೆದು ಹೊಟ್ಟೆ ಜೋತ ಹಾಯಿ ಗಾಳಿಗೆ ಎದುರು ಏರುವುದೇ ಇಲ್ಲ, ಮಗು ತನಗೇ ಬರುವುದಿಲ್ಲ ಅಂದುಕೊಂಡು ಅಳುತ್ತದೆ. ಒಡಲು ಹಳೇದಿರಲಿ, ಹಾಯಿ ಹೊಸದು ಹಾಕಿಸಿ.

ಒಲಿಂಪಿಕ್ಸ್ ಸೇಲಿಂಗ್‌ಗೆ ಅರ್ಹತೆ ಪಡೆದ ನಮ್ಮ ದೇಶದ ಮೊದಲ ಹೆಣ್ಣುಮಗಳು ಚೆನ್ನೈನ ನೇತ್ರಾ ಕುಮನನ್, ಟೋಕಿಯೊಗೆ ಹೋದರು. ಮಗಳಿಗೆ ಹೇಳಿ, ಅವಳಿಗೆ ಇಷ್ಟವಾಗುತ್ತದೆ.

ಪ್ರಶ್ನೆ: ನಮ್ಮದು ಕೃಷ್ಣಾ ದಂಡೆ ಊರು. ಮೀನು ಹಿಡಿಯಲು ಬಿದಿರಿನ ತೆಪ್ಪ ಇದೆ. ಈಗ ಫೈಬರ್ ತೆಪ್ಪ ಬಂದಾವ, ಅದೇ ಛಲೋ ಅಂತಾರ. ನೀವೇನಂತೀರಿ?
ಓದುಗ, ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಈ ಸಲದ ಪತ್ರಗಳಲ್ಲಿ ನಿಜವಾಗಿ ದೋಣಿ ಇರುವವರು ನೀವೊಬ್ಬರೇ! ಹಾಯಿ ಇಲ್ಲ, ಇರಲಿ. ಐನೂರು ವರ್ಷದ ಹಿಂದೆ ಪೋರ್ಚುಗಲ್ಲಿನ ಡೊಮಿಂಗೊ ಪಾಯಸ್ ಆನೆಗೊಂದಿಯ ಹತ್ತಿರ ತುಂಗಭದ್ರೆಯಲ್ಲಿ ನೋಡಿ ಬರೆದಿಟ್ಟದ್ದೂ ಇದೇ ದುಂಡನೆಯ ಬುಟ್ಟಿ ದೋಣಿಯನ್ನೇ, ಆಗ ಹೊರಗೆ ಚರ್ಮ ಹೊದಿಸುತ್ತಿದ್ದರು. ಈಗ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ಫೈಬರ್ ಅದರ ಮುಂದಿನ ಹೆಜ್ಜೆ.

ನೀವು ಓಡಾಡುವ ಜಾಗದಲ್ಲಿ ಬಂಡೆ ಎಷ್ಟಿದೆ, ಅದರ ಮೇಲೆ ಉತ್ತರ. ಬಂಡೆಗೆ ತಾಗಿದರೆ ಬಿದಿರು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಹಾಳೆ ಹರಿದರೆ ದಂಡೆಯಲ್ಲೇ ತೇಪೆ ಹಾಕಿ ಡಾಂಬರು ಬಳಿದು ಸಂಜೆಗೆ ಮತ್ತೆ ಇಳಿಸುತ್ತೀರಿ. ಫೈಬರ್ ಬಾಗುವುದು ಕಡಿಮೆ, ಜೋರಾಗಿ ತಾಗಿದರೆ ಬಿರಿಯುತ್ತದೆ. ರಿಪೇರಿಗೆ ರೆಸಿನ್, ಹಾರ್ಡ್ನರ್, ಮ್ಯಾಟ್ ಬೇಕು, ಹಸಿ ಇದ್ದರೆ ಹಿಡಿಯುವುದಿಲ್ಲ, ಉಜ್ಜುವಾಗ ಏಳುವ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಮುಖಕ್ಕೆ ಮಾಸ್ಕ್ ಬೇಕೇ ಬೇಕು. ಬಂಡೆ ಇಲ್ಲದ ಕೆರೆಯಾದರೆ ಫೈಬರ್ ತಗೊಳ್ಳಿ, ಕೊಳೆಯುವುದಿಲ್ಲ, ಹುಳ ಹತ್ತುವುದಿಲ್ಲ, ದಂಡೆಗೆ ಎಳೆದ ಮೇಲೆ ಮಗುಚಿ ನೆರಳಲ್ಲಿ ಇಟ್ಟರೆ ಬಹಳ ವರ್ಷ ಬಾಳುತ್ತದೆ. ಹೊಳೆಯಲ್ಲಾದರೆ ನಿಮ್ಮ ಬಿದಿರಿನದ್ದೇ ಇರಲಿ. ತೆಪ್ಪ ಹೆಣೆಯುವ ಹಿರಿಯರು ಊರಲ್ಲಿ ಇನ್ನೂ ಇದ್ದರೆ ಹುಡುಗರನ್ನು ಅವರ ಪಕ್ಕ ಕೂರಿಸಿ. ಹೆಣೆಯುವವರು ಹೋದ ದಿನ ಬಿದಿರಿನ ತೆಪ್ಪ ನಿಮಗೂ ತುಟ್ಟಿ ಆಗುತ್ತದೆ. ನಾರಾಯಣಪುರದಿಂದ ನೀರು ಬಿಟ್ಟ ದಿನ ಎರಡೂ ಬೇಡ.

ಪ್ರಶ್ನೆ: ನಿಮ್ಮ ಮುಂಬೈ ದೋಣಿ ಏನಾಯಿತು ಸರ್?
ಮೂರು ಜನ ಕೇಳಿದ್ದಾರೆ

ಡೆಕ್ ಬಿಚ್ಚಿ ಹೊಸದಾಗಿ ಹಾಕಲು ಎರಡು ಬೇಸಿಗೆ ಹಿಡಿಯಿತು. ತಿಂಗಳಿಗೆ ಎರಡು ಸಲ ಸಂಜೆ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಹತ್ತಿ ಹೋಗುತ್ತಿದ್ದೆ. ಆ ಗಾಡಿ ಹೈದರಾಬಾದಿನಿಂದ ಬರುತ್ತದೆ. ಹೆಸರಿನಲ್ಲೇ ಕೆರೆ ಇದೆ, ಆ ಕೆರೆಯಲ್ಲಿ ದೋಣಿಗಳೂ ಇವೆ, ನಮ್ಮೂರಿಗೆ ರಸ್ತೆಯಲ್ಲಿ ಸುಮಾರು 220 ಕಿ.ಮೀ. ನಾನು ಅದರಲ್ಲಿ ಕೂತು ಉಲ್ಟಾ ದಿಕ್ಕಿಗೆ ಹೋಗುತ್ತಿದ್ದೆ, ಒಂದು ದಿನವೂ ತಲೆಗೆ ಹೊಳೆಯಲಿಲ್ಲ. ಕೊನೆಗೆ ದೋಣಿಯನ್ನು ಜೆಟ್ಟಿಯಿಂದ ಹತ್ತು ನಿಮಿಷದ ದಾರಿಯಲ್ಲಿ ಮನೆ ಇದ್ದವರೊಬ್ಬರಿಗೆ ಕೊಂಡದ್ದಕ್ಕಿಂತ ಕಡಿಮೆಗೆ ಕೊಟ್ಟೆವು. ಅವರು ದಿನಾ ಸಂಜೆ ಹೋಗಿ ಒಂದು ಗಂಟೆ ಏನಾದರೂ ತಿಕ್ಕುತ್ತಿರುತ್ತಾರೆ. ಫೋಟೋ ಕಳಿಸುತ್ತಾರೆ. ನಮ್ಮ ಕೈಯಲ್ಲಿದ್ದಾಗ ಅದು ಹಾಗೆ ಹೊಳೆದದ್ದು ನನಗೆ ನೆನಪಿಲ್ಲ.

ಈಗ ಹೈದರಾಬಾದಿನಲ್ಲಿ 'ಲೇಸರ್' ಎಂಬ ಒಂದು ಹಳೇ ಚಿಕ್ಕ ಹಾಯಿದೋಣಿ ಇಟ್ಟಿದ್ದೇನೆ. ಸುಮಾರು 14 ಅಡಿ, ಒಂದೇ ಹಾಯಿ, ಒಬ್ಬರೇ ಕೂರುವುದು. ಸಮುದ್ರದವರು ದೋಣಿ ಮೇಲೆತ್ತುವ ಜುಲೈಯಲ್ಲೇ ಆ ಕೆರೆಗೆ ಒಳ್ಳೆ ಗಾಳಿ ಬರುತ್ತದೆ. ಅದರ ವಯಸ್ಸು ಎಷ್ಟು ಎಂದು ನಾನು ಕೇಳಲಿಲ್ಲ. ಕೊಳ್ಳುವ ಮುಂಚೆ ಕಂಬ ಕೂರುವ ಗುಂಡಿಗೆ ಒಂದು ಚೊಂಬು ನೀರು ಹೊಯ್ದು ಅಲ್ಲೇ ಕೂತು ಚಹಾ ಕುಡಿದೆ. ಗುಂಡಿಯ ತಳ ಬಿರಿದಿದ್ದರೆ ನೀರು ಒಡಲೊಳಗೆ ಇಳಿದುಹೋಗುತ್ತದೆ. ಚಹಾ ಮುಗಿಯಿತು, ಇನ್ನೊಂದು ತರಿಸಿದೆ. ನೀರು ಹಾಗೇ ನಿಂತಿತ್ತು. ದುಡ್ಡು ಕೊಟ್ಟೆ.